ಪಯೋನಿಯರ್ ಎಸ್‌ಎಕ್ಸ್-1250: ಇಟ್ಟುಕೊಂಡವರು ಹೇಳಿ, ಮನೆಗೆ ತರಬಹುದಾ?

ನವನಗರದ ಮಾಸ್ತರ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಟಿಳಕವಾಡಿಯಲ್ಲಿ ಒಬ್ಬರ ಮನೆಯಲ್ಲಿ ಪಯೋನಿಯರ್ ಎಸ್‌ಎಕ್ಸ್-1250 ಮಾರಾಟಕ್ಕಿದೆ. ರೇಡಿಯೋ, ಆಂಪ್ಲಿಫೈಯರ್ ಎರಡೂ ಒಂದರಲ್ಲೇ ಇರುವ ಹಳೆ ಸ್ಟೀರಿಯೋ ರಿಸೀವರ್, ಚಾನೆಲ್‌ಗೆ 160 ವ್ಯಾಟ್. ಅವರ ತಂದೆ ಹಡಗಿನ ಕೆಲಸದಲ್ಲಿದ್ದಾಗ ತಂದದ್ದಂತೆ. ತಂದೆ ತೀರಿಕೊಂಡ ಮೇಲೆ ಏಳೆಂಟು ವರ್ಷ ಹಾಗೇ ಬೆಡ್‌ಶೀಟ್ ಮುಚ್ಚಿ ಇಟ್ಟಿದ್ದಾರೆ. 90 ಸಾವಿರ ಹೇಳುತ್ತಿದ್ದಾರೆ. ಫೋನಿನಲ್ಲಿ ಕೇಳಿದರೆ "ಚಾಲೂ ಐತ್ರಿ ಸರ, ಎಲ್ಲಾ ಲೈಟ್ ಹತ್ತತಾವ" ಅಂದರು. ಲೈಟ್ ಹತ್ತಿದ ಮಾತ್ರಕ್ಕೆ ಹಾಡುತ್ತದೆ ಅಂತೇನೂ ಇಲ್ಲ, ಅಲ್ವಾ?

ಆಸೆ ಎಲ್ಲಿಂದ ಬಂತು ಅಂತ ಮೊದಲೇ ಹೇಳಿಬಿಡುತ್ತೇನೆ. ಹಳೆ ಬಾಗಲಕೋಟೆ ಇನ್ನೂ ಮುಳುಗಿರಲಿಲ್ಲ. ನಮ್ಮ ಓಣಿಯ ಬಟ್ಟೆ ವ್ಯಾಪಾರಿಯೊಬ್ಬರ ಮನೆಯಲ್ಲಿ ಇಂಥದ್ದೇ ಒಂದು ಇತ್ತು. ಬೆಳ್ಳಿ ಬಣ್ಣದ ಮುಖ, ಮರದ ಪೆಟ್ಟಿಗೆ. ನನಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಸುಮ್ನೆ ಕೂತು ಗುಂಡಿ ಎಣಿಸುತ್ತಿದ್ದೆ. ಒಂದು ದಿನ ಅವರು "ತಿರುಗ್ಸು ನೋಡೂಣು" ಅಂತ ಟ್ಯೂನಿಂಗ್ ಗುಂಡಿ ಕೈಗೆ ಕೊಟ್ಟರು. ಒಂದು ಸಲ ತಳ್ಳಿದ್ದಕ್ಕೆ ಮುಳ್ಳು ಈ ತುದಿಯಿಂದ ಆ ತುದಿಗೆ ತಾನೇ ಜಾರಿಕೊಂಡು ಹೋಯಿತು. ಆಮೇಲೆ ಆಲಮಟ್ಟಿ ಹಿನ್ನೀರು ಬಂತು. ಓಣಿ ಹೋಯಿತು, ಅವರೂ ಊರು ಬಿಟ್ಟರು. ಆ ಗುಂಡಿಯ ತೂಕ ಮಾತ್ರ ಬೆರಳಿನಲ್ಲಿ ಇನ್ನೂ ಇದೆ.

ಈಗಿನ ಪರಿಸ್ಥಿತಿ: ಕೋಣೆ 12ಕ್ಕೆ 14 ಅಡಿ, ನೆಲಕ್ಕೆ ಟೈಲ್ಸ್, ಮೇಲೆ ಆರ್‌ಸಿಸಿ. ಸ್ಪೀಕರ್ 8 ಓಮ್, 87 ಡಿಬಿ. 40 ವ್ಯಾಟ್‌ನ ಪುಟ್ಟ ಆಂಪ್ಲಿಫೈಯರ್ ಇದೆ. ಕೇಳುವುದು ಹೆಚ್ಚಾಗಿ ಹಿಂದೂಸ್ತಾನಿ ಎಲ್‌ಪಿ, ಭಾನುವಾರ ಹಳೆ ಸಿನಿಮಾ ಹಾಡು. 160 ವ್ಯಾಟ್ ನನಗೆ ಬೇಕಾ? ನಮ್ಮ ಕಡೆಯ ಕರೆಂಟಿಗೆ, ಬಿಸಿಲಿಗೆ ಇದು ತಾಳುತ್ತದಾ? ಇಟ್ಟುಕೊಂಡವರು ದಯವಿಟ್ಟು ಹೇಳಿ.

ಶಹಾಪುರದ ಕಿವಿ (ಬೆಳಗಾವಿ)

ಮಾಸ್ತರ್ರೇ, ನನ್ನ ಹತ್ತಿರ ಇದೇ ಮಾಡೆಲ್ 11 ವರ್ಷದಿಂದ ಇದೆ. ಉದ್ದ ಬರೆಯುತ್ತೇನೆ, ಚಹಾ ಇಟ್ಟುಕೊಂಡು ಓದಿ.

ಮೊದಲು ವ್ಯಾಟ್ ವಿಷಯ. ಇದು 1976ರ ಮಾಲು. ಅದಕ್ಕೆ ಎರಡು ವರ್ಷ ಮುಂಚೆ, 1974ರಲ್ಲಿ, ಅಮೆರಿಕದಲ್ಲಿ ಒಂದು ನಿಯಮ ಬಂತು. ಬಾಯಿಗೆ ಬಂದಷ್ಟು ವ್ಯಾಟ್ ಬರೆಯುವಂತಿಲ್ಲ. ಮೂರನೇ ಒಂದು ಭಾಗ ಪವರ್‌ನಲ್ಲಿ ಒಂದು ತಾಸು ಓಡಿಸಿ ಕಾಯಿಸಬೇಕಿತ್ತು, ಆಮೇಲೆ ಅಳೆದು ಬರೆಯಬೇಕಿತ್ತು. ಹಾಗಾಗಿ ಇದರ 160 ವ್ಯಾಟ್ ಅಂದರೆ ನಿಜವಾದ 160. ಎರಡೂ ಚಾನೆಲ್ ಒಟ್ಟಿಗೆ ಓಡುವಾಗ, 8 ಓಮ್‌ಗೆ, 20 ಹರ್ಟ್ಸ್‌ನಿಂದ 20 ಸಾವಿರದವರೆಗೆ, ಡಿಸ್ಟಾರ್ಷನ್ (ದನಿ ಕೆಡುವುದು) 0.1 ಪರ್ಸೆಂಟ್ ದಾಟದಂತೆ. ನಾವು ಚಿಕ್ಕವರಿದ್ದಾಗ ಟೇಪ್ ರೆಕಾರ್ಡರ್ ಮೇಲೆ '1000 ವ್ಯಾಟ್ ಪಿಎಂಪಿಒ' ಅಂತ ಸ್ಟಿಕರ್ ಇರುತ್ತಿತ್ತಲ್ಲ, ಆ ಲೆಕ್ಕವೇ ಬೇರೆ. ಅದು ಸಂತೆಯ ಲೆಕ್ಕ.

ಆದರೆ 40ರಿಂದ 160ಕ್ಕೆ ಹೋದರೆ ನಾಲ್ಕು ಪಟ್ಟು ಜೋರು ಅಂತ ತಿಳಿಯಬೇಡಿ. ಸಿಗುವುದು 6 ಡಿಬಿ ಮಾತ್ರ. ಕಿವಿಗೆ ದುಪ್ಪಟ್ಟು ಅನ್ನಿಸಬೇಕಾದರೆ ಸುಮಾರು 10 ಡಿಬಿ ಬೇಕು, ಅಂದರೆ 10 ಪಟ್ಟು ವ್ಯಾಟ್. ನಿಮ್ಮ ಸ್ಪೀಕರ್ ಒಂದೇ ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 87 ಡಿಬಿ ಕೊಡುತ್ತದೆ. ನಿಮ್ಮ ಕೋಣೆಯಲ್ಲಿ ಅಷ್ಟು ಸಾಕೋ ಸಾಕು. ಪಕ್ಕದ ಮನೆಯವರಿಗೂ ಸಾಕು.

ಹಾಗಾದರೆ ಉಳಿದ 159 ವ್ಯಾಟ್ ಯಾಕೆ? ಒಂದು ಉದಾಹರಣೆ ಹೇಳುತ್ತೇನೆ. ರಾತ್ರಿ ಹತ್ತರ ಮೇಲೆ ಕುಮಾರ ಗಂಧರ್ವರ ಎಲ್‌ಪಿ ಹಾಕುತ್ತೇನೆ. (ನಮ್ಮ ಸುಳೇಭಾವಿಯಲ್ಲಿ ಹುಟ್ಟಿದವರು, ಹಾಗಾಗಿ ಸ್ವಲ್ಪ ಜಾಸ್ತಿನೇ ಅಭಿಮಾನ.) ವಾಲ್ಯೂಮ್ ಗುಂಡಿ ಗಡಿಯಾರದಲ್ಲಿ ಒಂಬತ್ತು ಇರುವ ಜಾಗದ ಹತ್ತಿರವೂ ಹೋಗಿರುವುದಿಲ್ಲ. ದನಿ ಸಣ್ಣದಾಗಿ ಎಳೆದುಕೊಂಡು ಹೋಗುತ್ತಿರುವಾಗ ತಬಲಾದವರು ಎಡಗೈಯಲ್ಲಿ ಡಗ್ಗಾ ಮೇಲೆ ಒಂದು ಪೆಟ್ಟು ಕೊಡುತ್ತಾರೆ. ನನ್ನ ಹಳೆ ಆಂಪ್ಲಿಫೈಯರ್‌ನಲ್ಲಿ ಅದು 'ಧಪ್' ಅಂತ ಮುಗಿದುಹೋಗುತ್ತಿತ್ತು. ಇದರಲ್ಲಿ ಅಂಗೈ ಚರ್ಮದ ಮೇಲೆ ಒತ್ತಿ ಮುಂದಕ್ಕೆ ಜಾರುವುದು ಕೇಳುತ್ತದೆ. ಇದು ಬರೀ ವ್ಯಾಟ್‌ನಿಂದ ಬಂತು ಅಂತ ನಾನು ಹೇಳುವುದಿಲ್ಲ. ಅಷ್ಟು ಸಣ್ಣ ದನಿಯಲ್ಲಿ ಹಳೆಯದಕ್ಕೂ ವ್ಯಾಟ್ ಕಡಿಮೆ ಬಿದ್ದಿರಲಿಕ್ಕಿಲ್ಲ. ನನ್ನ ಅನುಮಾನ ಹಳೆಯದರ ಒಣಗಿದ ಕೆಪಾಸಿಟರ್ ಮೇಲೆ.

ಎಂಟು ವರ್ಷ ಮಲಗಿದ ಮಷಿನ್ ಬಗ್ಗೆ ಈಗ. ನನ್ನದೂ ಮಲಗಿದ್ದೇ. ತಂದ ದಿನ ಹುರುಪಿನಲ್ಲಿ ನೇರವಾಗಿ ಪ್ಲಗ್ ಹಾಕಿದೆ. ರಿಲೇ 'ಟಕ್' ಅನ್ನಲೇ ಇಲ್ಲ. ಸ್ವಿಚ್ ಹಾಕಿ ಕೆಲವು ಸೆಕೆಂಡ್ ಆದ ಮೇಲೆ ಒಳಗೆ ಟಕ್ ಅನ್ನಬೇಕು. ಅಲ್ಲಿಯವರೆಗೆ ಸ್ಪೀಕರ್‌ಗೆ ಏನೂ ಹೋಗುವುದಿಲ್ಲ, ಅದು ಕಾವಲುಗಾರ. ಬಿಚ್ಚಿ ನೋಡಿದರೆ ಡ್ರೈವರ್ ಬೋರ್ಡ್ ಮೇಲೆ ಒಂದು ಹಲ್ಲಿ. ಒಣಗಿ ಹಪ್ಪಳವಾಗಿತ್ತು, ಬಾಲ ಒಂದು ಟ್ರಾನ್ಸಿಸ್ಟರ್ ಕಾಲಿಗೆ, ತಲೆ ಇನ್ನೊಂದಕ್ಕೆ. ಸತ್ತ ಮೇಲೂ ಶಾರ್ಟ್ ಮಾಡುತ್ತಾ ಕೂತಿತ್ತು, ಪುಣ್ಯಾತ್ಮ.

ಅದಕ್ಕಿಂತ ದೊಡ್ಡ ಕಥೆ ರಿಪೇರಿಯದು. ಒಬ್ಬರ ಹತ್ತಿರ ಒಯ್ದೆ, ಹೆಸರು ಬೇಡ. ವಾಲ್ಯೂಮ್ ಕರಕರ ಅನ್ನುತ್ತದೆ ಅಂದಿದ್ದಕ್ಕೆ ಬೈಕಿನ ಚೈನಿಗೆ ಹೊಡೆಯುವ ಸ್ಪ್ರೇ ಹೊಡೆದುಬಿಟ್ಟರು. ಒಂದು ವಾರ ಬೆಣ್ಣೆಯಂತೆ ತಿರುಗಿತು. ಎರಡನೇ ವಾರಕ್ಕೆ ಧೂಳೆಲ್ಲಾ ಆ ಎಣ್ಣೆಗೆ ಅಂಟಿ ಎಡ ಚಾನೆಲ್ ಮಾಯ. ಕೊನೆಗೆ ವಾಲ್ಯೂಮ್ ಗುಂಡಿಯ ಹಿಂದಿನ ಪಾಟ್ ಬಿಚ್ಚಿ, ಸ್ಪಿರಿಟ್ ಹಚ್ಚಿ, ಕಿವಿಗೆ ಹಾಕುವ ಹತ್ತಿಯ ಕಡ್ಡಿಯಿಂದ ನಾನೇ ಒರೆಸಿದೆ. ಕಾಂಟ್ಯಾಕ್ಟ್ ಕ್ಲೀನರ್ ಅಂತಲೇ ಬೇರೆ ಸಿಗುತ್ತದೆ, ಅದನ್ನೇ ಕೇಳಿ.

ರೇಡಿಯೋ ಚೆನ್ನಾಗಿದೆ. ಮೊದಲ ಸಲ ಎಎಂನಲ್ಲಿ 765ಕ್ಕೆ ಮುಳ್ಳು ತಂದು ಧಾರವಾಡ ಆಕಾಶವಾಣಿ ಹಿಡಿದಾಗ ನಮ್ಮಪ್ಪ ಒಳಗಿನಿಂದ ಎದ್ದು ಬಂದು ಪಕ್ಕದಲ್ಲಿ ಕೂತರು. ಆ ಒಂದು ಸಂಜೆಗೇ ನನ್ನ ದುಡ್ಡು ವಸೂಲಾಯಿತು.

ಹ್ಞಾಂ, ತೂಕ 29 ಕೆಜಿ. ಒಬ್ಬರೇ ಎತ್ತಬೇಡಿ.

ಸೀರೀಸ್ ಬಲ್ಬ್ (ವಿಜಯಪುರ)

ನಾನು ರಿಪೇರಿ ಮಾಡುವವನು. ಹಾಡಿನ ವಿಷಯ ಮೇಲಿನ ಸರ್ ಹೇಳಿದ್ದಾರೆ, ನಾನು ಕರೆಂಟ್ ಹೇಳುತ್ತೇನೆ.

ಹಿಂಭಾಗದ ಲೇಬಲ್ ಓದಿ. ಹಡಗಿನವರು ತಂದದ್ದು ಅಂದರೆ ಅಮೆರಿಕದ ಮಾಲು ಇರಬಹುದು. 120 ವೋಲ್ಟ್, 60 ಹರ್ಟ್ಸ್ ಅಂತಿದ್ದರೆ ನಮ್ಮ 230ಕ್ಕೆ ಹಾಕಿದ ಕ್ಷಣವೇ ಹೊಗೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, 1000 ವಿಎಗಿಂತ (ಅದು ಟ್ರಾನ್ಸ್‌ಫಾರ್ಮರ್ ತಾಕತ್ತಿನ ಅಳತೆ) ಕಡಿಮೆ ಬೇಡ. ಔಟ್‌ಪುಟ್ 110 ಸಾಕು, 120ಕ್ಕೆ ಏರಿಸಬೇಡಿ. ಯಾಕೆ ಅಂದರೆ 60ಕ್ಕೆ ಮಾಡಿದ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸ್‌ನಲ್ಲಿ ಓಡುವಾಗ, ಅದೇ ವೋಲ್ಟೇಜಿಗೆ ಕೋರ್ ಮೇಲೆ 20 ಪರ್ಸೆಂಟ್ ಜಾಸ್ತಿ ಭಾರ ಬೀಳುತ್ತದೆ. ಗುಂಯ್ ಅನ್ನುತ್ತದೆ, ಕಾಯುತ್ತದೆ. ಕೆಲವು ದೇಶಗಳಿಗೆ ಕಳಿಸಿದ ಸೆಟ್‌ಗಳಲ್ಲಿ ಹಿಂದೆ ವೋಲ್ಟೇಜ್ ಬದಲಿಸುವ ಸೆಲೆಕ್ಟರ್ ಇರುತ್ತದೆ. ಅದಿದ್ದರೆ ನಿಮ್ಮ ಅದೃಷ್ಟ.

ಇನ್ನೊಂದು. ನಮ್ಮ ಹಳ್ಳಿ ಕಡೆ ಪಂಪ್‌ಸೆಟ್‌ಗೆ ತ್ರೀ ಫೇಸ್ ಬಿಟ್ಟಾಗ ಮನೆಯಲ್ಲಿ 190ಕ್ಕೆ ಇಳಿಯುತ್ತದೆ, ರಾತ್ರಿ 250. ಸ್ಟೆಪ್ ಡೌನ್ ಅದನ್ನು ಸರಿ ಮಾಡುವುದಿಲ್ಲ, ಹಾಗೇ ಅರ್ಧ ಮಾಡಿ ಕೊಡುತ್ತದೆ. 190 ಬಂದರೆ 91, 250 ಬಂದರೆ 120. ಅದಕ್ಕೆ ಮುಂದೆ ಸ್ಟೆಬಿಲೈಜರ್ ಇರಲಿ.

ನೋಡಲು ಹೋದಾಗ ಸೀರೀಸ್ ಬಲ್ಬ್ ಬೋರ್ಡ್ ಒಯ್ಯಿರಿ, ಅಂದರೆ ಮಷಿನ್‌ಗೆ ಕರೆಂಟ್ ಒಂದು ಬಲ್ಬ್ ಮೂಲಕವೇ ಹೋಗುವ ಬೋರ್ಡ್. 100 ವ್ಯಾಟ್‌ನ ಹಳೆ ಬಲ್ಬ್, ಎಲ್‌ಇಡಿ ಅಲ್ಲ. ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಉರಿದು ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್, ಅಲ್ಲಿಗೇ ಬಿಟ್ಟು ಬನ್ನಿ. ಮಂಕಾದರೆ ಬಲ್ಬ್ ತೆಗೆದು ನೇರವಾಗಿ ಹತ್ತು ನಿಮಿಷ ಓಡಿಸಿ, ಸ್ಪೀಕರ್ ಹಚ್ಚಬೇಡಿ. ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ (ಹಾಡಿಲ್ಲದಾಗಲೂ ಸೋರುವ ಕರೆಂಟ್, ಸ್ಪೀಕರ್‌ಗೆ ಕೆಟ್ಟದ್ದು) ಅಳೆಯಿರಿ. 20 ಮಿಲಿವೋಲ್ಟ್ ಒಳಗಿದ್ದರೆ ಚಿನ್ನ. 50ರವರೆಗೆ ನಡೆಯುತ್ತದೆ. 100 ದಾಟಿದರೆ ರೇಟ್ ಇಳಿಸಿ ಮಾತಾಡಿ.

ಔಟ್‌ಪುಟ್ ಟ್ರಾನ್ಸಿಸ್ಟರ್ ನಂಬರ್ ಫೋಟೋ ತೆಗೆದುಕೊಂಡು ಬನ್ನಿ. ಹಿಂದೆ ಯಾರಾದರೂ 2ಎನ್3055 ಹಾಕಿ ಕೈತೊಳೆದುಕೊಂಡಿದ್ದರೆ ಗೊತ್ತಾಗುತ್ತದೆ. ಅದರ ತಾಕತ್ತು 60 ವೋಲ್ಟ್. 8 ಓಮ್‌ಗೆ 160 ವ್ಯಾಟ್ ಕೊಡಲು 50 ವೋಲ್ಟ್ ಮೇಲಕ್ಕೆ, 50 ಕೆಳಕ್ಕೆ ಆಡಬೇಕು. ಒಂದೊಂದು ಟ್ರಾನ್ಸಿಸ್ಟರ್ ನೂರಕ್ಕಿಂತ ಜಾಸ್ತಿ ತಡೆಯಬೇಕು. ಕಡಿಮೆ ದನಿಯಲ್ಲಿ ಓಡುತ್ತದೆ, ಮದುವೆ ಮನೆಯಲ್ಲಿ ಸಾಯುತ್ತದೆ.

ಮಾರಿ ಹಗುರಾದವ (ಜಮಖಂಡಿ)

ಎಲ್ಲರೂ ಏರಿಸುತ್ತಿದ್ದಾರೆ, ನಾನು ಸ್ವಲ್ಪ ಇಳಿಸುತ್ತೇನೆ. ನನ್ನ ಹತ್ತಿರ ಇದು ಮೂರು ಬೇಸಿಗೆ ಇತ್ತು. ಏಪ್ರಿಲ್‌ನಲ್ಲಿ ಹೊರಗೆ 41, ಒಳಗೆ ಇದೊಂದು ಒಲೆ. ಹಾಡು ಹಾಕದಿದ್ದರೂ ಮೇಲಿನ ಜಾಲರಿ ಬೆಚ್ಚಗೆ. ಒಂದು ದಿನ ನಮ್ಮವ್ವ ಅದರ ಮೇಲೆ ಶೇಂಗಾ ಹಿಂಡಿ ಡಬ್ಬಿ ಇಟ್ಟಿದ್ದಳು. ಕೇಳಿದರೆ "ಬೆಚ್ಚಗ ಇರ್ಲಿ ಅಂತ ಇಟ್ಟೇನಿ, ಮೆತ್ತಗಾಗಬಾರ್ದು" ಅಂದಳು. ಜಾಲರಿ ಮುಚ್ಚಿದರೆ ಆ ಟ್ರಾನ್ಸಿಸ್ಟರ್‌ಗಳ ಗತಿ ಏನು?

ಮಾಸ್ತರ್ರೇ, ನಿಮ್ಮ ತಕರಾರು ಆಂಪ್ಲಿಫೈಯರ್ ಅಲ್ಲ, ಕೋಣೆ. ಟೈಲ್ಸ್, ಖಾಲಿ ಗೋಡೆ, ಆರ್‌ಸಿಸಿ. ಅಲ್ಲಿ ಎಷ್ಟು ವ್ಯಾಟ್ ಹಾಕಿದರೂ ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದ ಹಾಗೇ. ಮೊದಲು ನೆಲಕ್ಕೆ ಜಮಖಾನ ಹಾಸಿ. ಹಿಂದಿನ ಗೋಡೆಗೆ ಎರಡು ಹಳೆ ಕೌದಿ ತೂಗುಹಾಕಿ. ಖರ್ಚು ಶೂನ್ಯ. ಒಂದು ವಾರ ಕೇಳಿ, ಆಮೇಲೆ 90 ಸಾವಿರದ ಮಾತು.

ಶಹಾಪುರದ ಕಿವಿ (ಬೆಳಗಾವಿ)

ಜಮಖಂಡಿ ಅಣ್ಣಾರ ಕೌದಿ ಮಾತು ನೂರಕ್ಕೆ ನೂರು. ಬಿಸಿಯ ಮಾತಿಗೆ ಮಾತ್ರ ನನ್ನ ತಕರಾರಿದೆ. ಅಷ್ಟು ಕಾಯುತ್ತಿದ್ದರೆ ಬಯಾಸ್ (ಹಾಡಿಲ್ಲದಾಗಲೂ ಟ್ರಾನ್ಸಿಸ್ಟರ್‌ನಲ್ಲಿ ಹರಿಯುವಂತೆ ಸೆಟ್ ಮಾಡಿದ ಕರೆಂಟ್) ಏರಿತ್ತೇನೋ, ಯಾರಾದರೂ ಸೆಟ್ ಮಾಡಿದ್ದರಾ? ನನ್ನದರ ಮೇಲೆ ಕೈ ಇಟ್ಟುಕೊಂಡು ಕೂರಬಹುದು.

ಮಾರಿ ಹಗುರಾದವ (ಜಮಖಂಡಿ)

ಬಯಾಸ್ ಅಂತ ಒಂದಿದೆ ಅಂತ ನನಗೆ ಗೊತ್ತಾಗಿದ್ದೇ ಮಾರಿದ ಮೇಲೆ.

ನವನಗರದ ಮಾಸ್ತರ (ಬಾಗಲಕೋಟೆ)

ಎಲ್ಲರಿಗೂ ಧನ್ಯವಾದ. ಭಾನುವಾರ ಹೋಗಿ ಬಂದೆ.

ಅದಕ್ಕಿಂತ ಮುಂಚೆ ಕೌದಿ ಹಾಕಿ ನೋಡಿದೆ. ನಮ್ಮ ಅಜ್ಜಿ ಹೊಲಿದ ಎರಡು ಕೌದಿ ಟ್ರಂಕಿನಲ್ಲಿದ್ದವು. ಸತ್ಯ ಹೇಳುತ್ತೇನೆ, ಈಗಿರುವ 40 ವ್ಯಾಟ್‌ನಲ್ಲೇ ತಂಬೂರಿ ಬೇರೆ, ದನಿ ಬೇರೆ ಅಂತ ಬಿಡಿಸಿ ಕೇಳಿತು. ಮಾರಿ ಹಗುರಾದವರೇ, ನೀವು ಗೆದ್ದಿರಿ ಅಂದುಕೊಂಡೆ. ಆದರೂ ಬೆಳಗಿನ ಬಸ್ ಹತ್ತಿದೆ. ಲೋಕಾಪುರ ದಾಟುವವರೆಗೂ ನನಗೆ ನಾನೇ ಹೇಳಿಕೊಂಡೆ, ಬರೀ ನೋಡಿ ಬರುವುದು ಅಂತ.

ಲೇಬಲ್ 120 ವೋಲ್ಟ್, 60 ಹರ್ಟ್ಸ್. ಸೆಲೆಕ್ಟರ್ ಇಲ್ಲ. ಅವರು ಹಚ್ಚಿದ್ದ ಸ್ಟೆಪ್ ಡೌನ್ ಮಿಕ್ಸರಿಗೆ ತಂದ ಚಿಕ್ಕದು, ಮೇಲೆ 500 ಅಂತ ಬರೆದಿತ್ತು. ಸೀರೀಸ್ ಬೋರ್ಡ್ ತೆಗೆದಾಗ ಮನೆಯವರು ನನ್ನನ್ನು ಒಂಥರಾ ನೋಡಿದರು. ಬಲ್ಬ್ ಉರಿದು ಮಂಕಾಯಿತು. ಎಣಿಸುತ್ತಾ ನಿಂತೆ. ಟಕ್ ಅಂತು. ಬಲ ಚಾನೆಲ್ 14 ಮಿಲಿವೋಲ್ಟ್, ಎಡ 130. ಮೀಟರ್ ಅವರಿಗೂ ತೋರಿಸಿದೆ. ಹಲ್ಲಿ ಇರಲಿಲ್ಲ, ಜಿರಲೆ ಇದ್ದವು. ಟ್ರಾನ್ಸಿಸ್ಟರ್ ಫೋಟೋ ವಿಜಯಪುರದ ಸರ್‌ಗೆ ಕಳಿಸಿದೆ, "ಒರಿಜಿನಲ್ ಅದಾವ, ಬಿಡಬ್ಯಾಡ್ರಿ" ಅಂತ ಉತ್ತರ ಬಂತು.

ಆಮೇಲೆ ಟ್ಯೂನಿಂಗ್ ಗುಂಡಿ ಮುಟ್ಟಿದೆ. ಒಂದು ಸಲ ತಳ್ಳಿದೆ.

62 ಸಾವಿರಕ್ಕೆ ಮಾತು ಮುಗಿಯಿತು. ಬಸ್ಸಿನಲ್ಲಿ ಹಳೆ ಹಾಸಿಗೆಯಲ್ಲಿ ಸುತ್ತಿ ಕಾಲ ಹತ್ತಿರ ಇಟ್ಟುಕೊಂಡೆ. ಕಂಡಕ್ಟರ್ "ಏನ್ರಿ ಮಾಸ್ತರ, ಹಿಟ್ಟಿನ ಗಿರಣಿ ಏನ್ರಿ?" ಅಂತ ಲಗೇಜ್ ಟಿಕೆಟ್ ಹರಿದ. ಈಗ ಅದು ವಿಜಯಪುರದಲ್ಲಿ ಮೇಜಿನ ಮೇಲೆ ಬಿಚ್ಚಿಕೊಂಡು ಮಲಗಿದೆ. ಎಡ ಚಾನೆಲ್‌ನ ಸಣ್ಣ ಟ್ರಾನ್ಸಿಸ್ಟರ್ ಒಂದು ಜೋಡಿ ಬೆಂಗಳೂರಿನಿಂದ ಬರಬೇಕಂತೆ.

ನಮ್ಮ ಮನೆಗೆ ಸದ್ಯಕ್ಕೆ ಬಂದಿರುವುದು 1000 ವಿಎ ಸ್ಟೆಪ್ ಡೌನ್ ಒಂದೇ. ಕೌದಿ ಕೆಳಗೆ ಕೂತಿದೆ. ನಮ್ಮ ಮನೆಯವಳು ನಿನ್ನೆ ಅದರ ಮೇಲೆ ಮನಿ ಪ್ಲಾಂಟ್ ಬಾಟಲಿ ಇಟ್ಟಿದ್ದಳು. ತೆಗೆದು ಪಕ್ಕಕ್ಕಿಟ್ಟೆ. ಈಗ ನೋಡಿದರೆ ಮತ್ತೆ ಅಲ್ಲೇ ಇದೆ.