ಫ್ರಾಂಕೆನ್‌ಸ್ಟೈನ್: ಅದು ಕಣ್ಣು ಬಿಟ್ಟ ಕೂಡ್ಲೇ ವಿಕ್ಟರ್ ಓಡಿದ್ದು ಎಂತಕ್ಕೆ?

ಶಿರಸಿಮಳೆ: ಮೂರು ದಿನದಿಂದ ಜಡಿಮಳೆ, ಕರೆಂಟಿಲ್ಲ, ಅಂತೂ ಮೇರಿ ಶೆಲ್ಲಿ ಕಾದಂಬರಿ ಓದಿ ಮುಗಿಸ್ದೆ. ಒಂದು ಡೌಟು. ಈ ವಿಕ್ಟರ್ ಫ್ರಾಂಕೆನ್‌ಸ್ಟೈನ್ ಹತ್ರ ಹತ್ರ ಎರಡು ವರ್ಷ ಊಟ ನಿದ್ದೆ ಬಿಟ್ಟು, ಹೆಣದ ಭಾಗ ಜೋಡಿಸಿ ಮಾಡಿದ ದೇಹಕ್ಕೆ ಜೀವ ತುಂಬಿದವ, ಅದು ಹಳದಿ ಕಣ್ಣು ಬಿಟ್ಟಿದ್ದೇ ತಡ ಹೇಸಿಗೆ ಪಟ್ಟು ಓಡ್ತಾನೆ. ಅಲ್ಲಾ, ಚಂದ ಕಾಣ್ಲಿ ಅಂತ ಒಂದೊಂದೇ ಆರಿಸಿ ಜೋಡಿಸಿದ್ದು ಇವನೇ ಅಲ್ವಾ? ಕಾಲೇಜಲ್ಲಿ ಭಸ್ಮಾಸುರನ ಕಥೆ ಥರ ಅಂತ ಹೇಳಿ ಮುಗಿಸಿದ್ರು, ಸಮಾಧಾನ ಆಗ್ಲಿಲ್ಲ. ಮನಸ್ಸಲ್ಲಿ ಅದುಮಿಟ್ಟದ್ದನ್ನ ಕೆದಕಿ ನೋಡೋ ಮನೋವಿಶ್ಲೇಷಣೆಯ ಫ್ರಾಯ್ಡ್‌ನ ಓದಿದವ್ರು ಯಾರಾದ್ರೂ ಹೇಳಿ.

ಕಾರವಾರದವ: ಭಸ್ಮಾಸುರ ಹೊಂದೂದಿಲ್ಲ ಮಾರಾಯ್ರೆ. ಅವ ವರ ಕೊಟ್ಟವನ ತಲೆ ಮೇಲೇ ಕೈ ಇಡೋಕೆ ಹೊರಟವ, ಇದಕ್ಕೆ ಬೇಕಿದ್ದದ್ದು ತನ್ನ ತಲೆ ಮೇಲೊಂದು ಕೈ. ಓಡಿ ಹೋಗಿ ಮಲಗಿದವ ಕಂಡ ಕನಸು ನೋಡಿ, ಮದುವೆ ಆಗಬೇಕಾದ ಎಲಿಜಬೆತ್‌ಗೆ ಮುತ್ತಿಡ್ತಾನೆ, ಅವಳು ತೋಳಲ್ಲೇ ಸತ್ತ ಅಮ್ಮನ ಹೆಣ ಆಗ್ತಾಳೆ, ಬಟ್ಟೆ ಮಡಿಕೇಲಿ ಹುಳ ಹರಿದಾಡ್ತವೆ. ಅಮ್ಮ ತೀರಿಕೊಂಡದ್ದು ಇದೇ ಎಲಿಜಬೆತ್‌ಳ ಸ್ಕಾರ್ಲೆಟ್ ಜ್ವರದ ಆರೈಕೆ ಮಾಡಿ ತನಗೂ ತಗುಲಿ. ಅದಾದ್ಮೇಲೇ ಇವನಿಗೆ ಹೆಣಕ್ಕೆ ಜೀವ ತುಂಬೋ ಹುಚ್ಚು ಹತ್ತಿದ್ದು. ನಂಗನ್ಸೋದು, ಅವ ಮಗನನ್ನ ಹುಟ್ಟಿಸ್ತಾ ಇರ್ಲಿಲ್ಲ, ಅಮ್ಮನನ್ನ ವಾಪಸ್ ಕರೀತಾ ಇದ್ದ, ಕಣ್ಣು ಬಿಟ್ಟದ್ದು ಬೇರೆ ಯಾರೋ. ಫ್ರಾಯ್ಡ್ 1919ರ ಲೇಖನದಲ್ಲಿ ಹೇಳೋದೂ ಹೀಗೇ, ಮೈ ಜುಮ್ಮೆನ್ನೋದು ಹೊಸದನ್ನ ಕಂಡಲ್ಲ, ಒಳಗೆ ಅದುಮಿಟ್ಟ ಪರಿಚಯದ್ದೇ ಎದ್ದು ಬಂದಾಗ.

ಅಡಿಕೆಸೋಗೆ: ಎಲ್ಲದಕ್ಕೂ ಅಮ್ಮ ಅಮ್ಮ ಅನ್ನೋದು ಈ ಫ್ರಾಯ್ಡ್ ಪಾರ್ಟಿಯವರ ಹಳೇ ಚಾಳಿ. ಆದ್ರೆ ಬರೆದವಳ ಬದುಕು ನೋಡಿದ್ರೆ ನಾನೂ ಬಾಯಿ ಮುಚ್ಕೋಬೇಕಾಗ್ತದೆ. 1797ರಲ್ಲಿ ಇವಳು ಹುಟ್ಟಿ 11 ದಿನಕ್ಕೆ ತಾಯಿ ಹೋದ್ರು. 1815ರಲ್ಲಿ ದಿನ ತುಂಬದೆ ಹುಟ್ಟಿದ ಇವಳದೇ ಹೆಣ್ಣುಕೂಸು ಹೋಯ್ತು, ಕೂಸಿಗೆ ಬರೀ ಚಳಿ ಹಿಡಿದಿತ್ತು, ಬೆಂಕಿ ಮುಂದೆ ತಿಕ್ಕಿದ್ವಿ, ಬದುಕ್ತು ಅಂತ ಕನಸು ಬಿದ್ದದ್ದನ್ನ ಡೈರೀಲಿ ಬರ್ಕೊಂಡಿದಾಳೆ. ಮರುವರ್ಷ ಜಿನೀವಾದಲ್ಲಿ ಈ ಕಥೆ ಶುರು, 1818ಕ್ಕೆ ಪುಸ್ತಕ.

ಕೂಸಿನಪ್ಪ: ಕನಸಿಂದ ಎಚ್ಚರ ಆದಾಗಿಂದು ಮತ್ತೊಮ್ಮೆ ಓದಿ. ಅದು ಮಂಚದ ಪರದೆ ಎತ್ತಿ ಹಿಡಿದು ಇವನನ್ನೇ ನೋಡ್ತಾ ನಿಂತಿದೆ, ಏನೋ ಗುಳುಗುಳು ಅಂತದೆ, ಕೆನ್ನೆ ಸುಕ್ಕಾಗೋ ಹಾಗೆ ನಗ್ತದೆ, ಒಂದು ಕೈ ಚಾಚ್ತದೆ. ಹಿಡಿಯೋಕೆ ಬಂತು ಅಂತ ಇವ ಮೆಟ್ಟಿಲಿಳಿದು ಪರಾರಿ. ನಮ್ಮನೇಲಿ ಒಂಬತ್ತು ತಿಂಗಳ ಕೂಸು ದಿನಾ ಬೆಳಗಾಗೋ ಮುಂಚೆ ಸೊಳ್ಳೆಪರದೆ ಎತ್ತಿ ಮಾಡೋದು ಇದನ್ನೇ, ಎಂಟಡಿ ಎತ್ತರ ಇಲ್ಲ ಅಷ್ಟೇ.

ಶಿರಸಿಮಳೆ: ಅಯ್ಯಯ್ಯೋ, ನಾನು ಅದನ್ನ ದೆವ್ವದ ಸೀನ್ ಅಂತ ಓದಿದ್ದೆ! ಹೆಸರೂ ಇಡ್ಲಿಲ್ಲ ನೋಡಿ ಅವ, ನಮ್ಮಲ್ಲಾದ್ರೆ ಹನ್ನೆರಡನೇ ದಿನಕ್ಕೆ ತೊಟ್ಟಿಲಿಗೆ ಹಾಕಿ ಕಿವೀಲಿ ಕರೀತಿದ್ರು.