ತುಮಕೂರಿನ ರಸ್ತೆ ಹಬ್ಬಕ್ಕೆ ಅಮ್ಮ, ಮಗನ ಜೊತೆ ಹೋಗ್ತಿದ್ದೇವೆ, ಏನು ತಿನ್ನೋದು, ಏನು ಕೊಳ್ಳೋದು?

ಪೀಣ್ಯದ_ಪುಟ್ಟಿ:
ಎಲ್ಲರಿಗೂ ನಮಸ್ಕಾರ. ಈ ಭಾನುವಾರ ತುಮಕೂರಿಗೆ ಅಕ್ಕನ ಮನೆಗೆ ಹೋಗಿ ರಾತ್ರಿ ಅಲ್ಲೇ ಉಳಿಯುತ್ತೇವೆ. ಅವರ ಬಡಾವಣೆಯಲ್ಲಿ ಸಂಜೆ ಒಂದು ರಸ್ತೆಗೆ ಗಾಡಿ ಬಿಡದೆ ಹಬ್ಬ ಮಾಡುತ್ತಾರಂತೆ. ಫುಡ್ ಟ್ರಕ್‌ಗಳು ಬರುತ್ತವೆ, ಆ ರಸ್ತೆಯ ಅಂಗಡಿಯವರೂ ಹೊರಗೆ ಟೇಬಲ್ ಹಾಕುತ್ತಾರೆ ಅಂದಳು ಅಕ್ಕ. ಅಮ್ಮನಿಗೆ ಮಂಡಿ ನೋವು, ಜಾಸ್ತಿ ಹೊತ್ತು ನಿಲ್ಲೋಕೆ ಆಗಲ್ಲ. ಮಗನಿಗೆ ಆರು ವರ್ಷ, ಬಣ್ಣಬಣ್ಣದ್ದು ಏನು ಕಂಡರೂ ಬೇಕು. ಎಷ್ಟು ಹೊತ್ತಿಗೆ ಹೋಗೋದು ಒಳ್ಳೆಯದು? ಬೆಂಗಳೂರಲ್ಲೇ ಸಿಗೋ ಬರ್ಗರ್ ತಿನ್ನೋಕೆ ಅಲ್ಲಿವರೆಗೂ ಹೋಗಬೇಕಾ ಅಂತ ನಮ್ಮ ಯಜಮಾನರು ಬೇರೆ ಕೇಳುತ್ತಿದ್ದಾರೆ.

ಕ್ಯಾತ್ಸಂದ್ರದವನು:
ಯಜಮಾನರು ಕೇಳಿದ್ದು ಸರಿಯಾಗೇ ಇದೆ ಬಿಡಿ. ಬರ್ಗರ್‌ಗೆ ಅಂತ ಬರಬೇಡಿ. ಐದು, ಐದೂವರೆಗೆಲ್ಲ ಅಲ್ಲಿರಿ. ಏಳರ ಮೇಲೆ ಕಾಲೇಜು ಹುಡುಗರು ಬಂದರೆ ಕಾಲಿಡೋಕೆ ಜಾಗ ಇರಲ್ಲ. ಕಾರನ್ನು ಅಕ್ಕನ ಮನೆ ಹತ್ತಿರವೇ ಬಿಟ್ಟು ನಡೆದು ಹೋಗಿ, ಅಮ್ಮನಿಗೆ ಆಟೋ ಮಾಡಿ. ಮೊದಲು ಯಾವುದಾದರೂ ಅಂಗಡಿಯಲ್ಲಿ ಏನಾದರೂ ಸ್ವಲ್ಪ ಕೊಂಡು ‘ಅಮ್ಮ ಇಲ್ಲಿ ಒಂದು ಗಳಿಗೆ ಕೂತಿರಲಾ ಅಣ್ಣ’ ಅಂತ ಕೇಳಿದರೆ ನಮ್ಮೂರಲ್ಲಿ ಯಾರೂ ಇಲ್ಲ ಅನ್ನಲ್ಲ.

ತಟ್ಟೆ ಇಡ್ಲಿಯನ್ನು ಮಾತ್ರ ಹಬ್ಬದಲ್ಲಿ ತಿನ್ನಬೇಡಿ. ಜನ ನುಗ್ಗುತ್ತಾರೆ ಅಂತ ಮೊದಲೇ ಬೇಯಿಸಿ ಪೇರಿಸಿ ಇಟ್ಟಿರುತ್ತಾರೆ, ಆರಿದರೆ ಅದು ಬರೀ ಹಿಟ್ಟಿನ ಮುದ್ದೆ. ತಟ್ಟೆಯಿಂದ ಆಗಷ್ಟೇ ಬಿಡಿಸಿದ್ದಕ್ಕೆ ಬೆಣ್ಣೆ ಹಾಕಿದರೆ ಅದು ಕರಗಿ ಅಂಚಿಗೆ ಇಳಿಯಬೇಕು, ಚಟ್ನಿ ಮುಟ್ಟೋ ಮುಂಚೆ ಒಂದು ತುತ್ತು ಬರೀ ಬೆಣ್ಣೆಯಲ್ಲೇ ತಿನ್ನಬೇಕು. ಸೋಮವಾರ ಬೆಳಿಗ್ಗೆ ವಾಪಸ್ ಹೋಗುವಾಗ ಕ್ಯಾತ್ಸಂದ್ರ ದಾರಿಯಲ್ಲೇ ಸಿಗುತ್ತದೆ, ಅಲ್ಲಿ ನಿಲ್ಲಿಸಿ.

ಎರಡು_ಮಕ್ಕಳ_ತಾಯಿ:
ಬಣ್ಣದ ವಿಷಯ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಮಾಡಿತು. ಪರೀಕ್ಷೆ ಮಾಡಿದ ಕೆಲವು ಸ್ಯಾಂಪಲ್‌ಗಳಲ್ಲಿ ರೋಡಮಿನ್-ಬಿ ಸಿಕ್ಕಿತ್ತು. ಅದು ಬಟ್ಟೆಗೆ ಹಾಕೋ ಬಣ್ಣ ರೀ! ಆದರೂ ಸಂತೆ, ಜಾತ್ರೆ ಅಂದರೆ ಗುಲಾಬಿ ಮಿಠಾಯಿ ಎಲ್ಲಿಂದಲೋ ಬಂದುಬಿಡುತ್ತದೆ. ಬಿಳಿಯದಿದ್ದರೆ ಕೊಡಿಸಿ, ಇಲ್ಲದಿದ್ದರೆ ಮುಂದೆ ನಡೀರಿ. ಬಾಯಲ್ಲಿ ಹೊಗೆ ಬರಿಸೋ ಬಿಸ್ಕತ್ತಂತೂ ಬೇಡವೇ ಬೇಡ. ಅದರಲ್ಲಿರೋದು ದ್ರವ ನೈಟ್ರೋಜನ್, ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಪೂರ್ತಿ ಆವಿಯಾಗದೆ ಮಗುವಿನ ಹೊಟ್ಟೆಗೆ ಹೋದರೆ ಕರುಳೇ ಸುಟ್ಟುಹೋಗಬಹುದು.

ಗಾಡಿ_ಮಾಲೀಕ:
ಎಲ್ಲರೂ ಸೇರಿ ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ ಸ್ವಾಮಿ, ನಾನೂ ಒಂದು ಟ್ರಕ್ ಇಟ್ಟಿದ್ದೇನೆ. ಹಬ್ಬಕ್ಕೆ ಬರೋರೆಲ್ಲ ಟ್ರಕ್ಕಿನಲ್ಲಿ ರೇಟು ಜಾಸ್ತಿ ಅಂತಾರೆ. ಜಾಗದ ಬಾಡಿಗೆ ಮೊದಲೇ ಕಟ್ಟಬೇಕು, ಜನರೇಟರ್‌ಗೆ ಡೀಸೆಲ್ ಹಾಕಬೇಕು, ಹುಡುಗರಿಗೆ ಕೂಲಿ ಕೊಡಬೇಕು, ಮಳೆ ಬಂದರೆ ಅಷ್ಟೂ ಲಾಸು. ಒಳ್ಳೆ ಗಾಡಿ ಗುರುತಿಸೋದು ಸುಲಭ. ಬೋರ್ಡಿನಲ್ಲಿ ನಾಲ್ಕೈದೇ ಐಟಂ ಇರಬೇಕು. ಅಷ್ಟು ಚಿಕ್ಕ ಜಾಗದಲ್ಲಿ ನಲವತ್ತು ಐಟಂ ಮಾಡ್ತೀನಿ ಅಂದರೆ ಎಲ್ಲ ಫ್ರೀಜರ್‌ನಿಂದ ತೆಗೆದು ಎಣ್ಣೆಗೆ ಬಿಡೋದೇ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ ಲೈಸೆನ್ಸ್) ನಂಬರ್ 14 ಅಂಕಿಯದ್ದು, ಕಾಣೋ ಹಾಗೆ ಹಾಕಿರಬೇಕು. ಒಳಗೆ ಇಣುಕಿ ನೋಡಿ, 19 ಕೆಜಿಯ ನೀಲಿ ಸಿಲಿಂಡರ್ ಇದ್ದರೆ ಸರಿ, ಮನೆ ಬಳಕೆಯ ಕೆಂಪು ಸಿಲಿಂಡರ್ ಇಟ್ಟುಕೊಂಡವನು ಬೇರೆ ಕಡೆಯೂ ಕಳ್ಳಾಟ ಆಡುತ್ತಾನೆ ಅಂತ ನನ್ನ ಲೆಕ್ಕ. ಇನ್ನೊಂದು, ನಮ್ಮದು ಒಂದೇ ತವಾ. ಒಬ್ಬರು ಕ್ಯೂನಲ್ಲಿ ನಿಂತು ಎಲ್ಲರದ್ದೂ ಒಟ್ಟಿಗೆ ಹೇಳಿ, ಬೇಗ ಸಿಗುತ್ತದೆ.

ತಿಪಟೂರು_ತೆಂಗು:
ತಿನ್ನೋದೇ ಆಯ್ತು, ಕೊಳ್ಳೋದರ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ. ಕೊಬ್ಬರಿ ಗಿಟುಕು, ಅಂದರೆ ಇಡೀ ಉಂಡೆ ಕೊಬ್ಬರಿ, ಇಟ್ಟಿದ್ದರೆ ತಗೊಳ್ಳಿ. ನಮ್ಮ ಕಡೆ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ತಿಂಗಳು, ವರ್ಷ ಹಾಗೇ ಬಿಡುತ್ತೇವೆ. ಒಳಗಿನ ನೀರು ತಾನಾಗೇ ಇಂಗಿ ಗಿಟುಕು ಚಿಪ್ಪು ಬಿಟ್ಟು ಗಡಗಡ ಅನ್ನಬೇಕು, ಆಮೇಲೇ ಸುಲಿಯೋದು. ಒಂದನ್ನು ಒಡೆಸಿ ನೋಡಿ. ಒಳಗೆ ಬೆಳ್ಳಗಿರಬೇಕು, ಕಪ್ಪು ಬೂಸ್ಟು ಇರಬಾರದು, ಮೂಸಿದರೆ ಕಮಟು ವಾಸನೆ ಬರಬಾರದು. ಒಡೆಯೋಕೆ ಒಪ್ಪದವನ ಹತ್ತಿರ ಕೊಳ್ಳಬೇಡಿ. ಗಾಣದ ಎಣ್ಣೆಯವರು ಇದ್ದರೆ ಕಡಲೆಕಾಯಿ ಎಣ್ಣೆ ಅರ್ಧ ಲೀಟರ್ ಮಾತ್ರ ತಗೊಂಡು ಮನೇಲಿ ಒಗ್ಗರಣೆ ಹಾಕಿ ನೋಡಿ, ಚೆನ್ನಾಗಿದ್ದರೆ ಮುಂದಿನ ಸಲ ಅಕ್ಕನಿಗೆ ಹೇಳಿ ತರಿಸಿಕೊಳ್ಳಬಹುದು. ಪಾವಗಡ ತಾಲೂಕಿನ ವೈ.ಎನ್. ಹೊಸಕೋಟೆ ನೇಕಾರರು ರೇಷ್ಮೆ ಸೀರೆ ತಂದಿದ್ದರೆ ಸುಮ್ನೆ ನೋಡಿ ಬರ್ತೀನಿ ಅಂತ ಹೋಗಬೇಡಿ, ಪರ್ಸ್ ಯಜಮಾನರ ಕೈಲಿ ಕೊಟ್ಟು ಹೋಗಿ. 😄

ಪೀಣ್ಯದ_ಪುಟ್ಟಿ:
ಅಯ್ಯೋ, ಸೀರೆ ಅಂದ ತಕ್ಷಣ ಅಮ್ಮನ ಮಂಡಿ ನೋವು ಅರ್ಧ ಹೋಯ್ತು. ಎಲ್ಲರಿಗೂ ಥ್ಯಾಂಕ್ಸ್. ಫೋನ್ ಪೇ ನಡೆಯುತ್ತಾ, ಕ್ಯಾಶ್ ಬೇಕಾ?

ಕ್ಯಾತ್ಸಂದ್ರದವನು:
ಎಲ್ಲರ ಹತ್ತಿರವೂ ಸ್ಕ್ಯಾನರ್ ಇರುತ್ತದೆ, ಆದರೆ ಜನ ಜಾಸ್ತಿಯಾದಾಗ ನೆಟ್‌ವರ್ಕ್ ಕೈ ಕೊಡುತ್ತದೆ. ಹತ್ತು, ಇಪ್ಪತ್ತು, ಐವತ್ತರ ನೋಟು ಇಟ್ಟುಕೊಳ್ಳಿ. ಒಂದು ಸ್ಟೀಲ್ ಡಬ್ಬಿ, ಎರಡು ಚಮಚನೂ ತನ್ನಿ. ಪ್ಲಾಸ್ಟಿಕ್ ತಟ್ಟೆ, ಚಮಚ 2022ರ ಜುಲೈನಿಂದಲೇ ನಿಷೇಧ, ಅಡಿಕೆ ಹಾಳೆ ತಟ್ಟೆ ಖಾಲಿಯಾದರೆ ಪೇಪರ್ ಮೇಲೇ ಹಾಕಿಕೊಡುತ್ತಾರೆ.