ಸಹಾಯ ಬೇಕು: ಒಂದೇ ಸ್ಲೈಡಿನಲ್ಲಿ ಗಾರ್ನೆಟ್ ಗೆರೆಗಳು ಎರಡೂ ಕಡೆ ಬಾಗಿವೆ

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟಿಗೆ ಹೊಳೆನರಸೀಪುರದ ಕಡೆಯಿಂದ ಗಾರ್ನೆಟ್ (ಸಾಮಾನ್ಯವಾಗಿ ಕೆಂಪಗಿರುವ ಹರಳು ಖನಿಜ) ಇರುವ ಮೈಕಾ ಶಿಸ್ಟ್ (ಅಭ್ರಕ ತುಂಬಿದ ಪದರಪದರದ ಕಲ್ಲು) ತಂದಿದ್ದೇನೆ. ಕಲ್ಲು ಒಡೆಯುವ ಮೊದಲೇ ಕಂಪಾಸ್ ಇಟ್ಟು ಉತ್ತರಕ್ಕೆ ಬಾಣ ಗುರುತು ಹಾಕಿದ್ದೆ. ಗಾರ್ನೆಟ್ ಬೆಳೆಯುವಾಗ ಒಳಗೆ ಸಿಕ್ಕಿಕೊಂಡ ಹಳೆಯ ಪದರದ ಗೆರೆಗಳು ಯಾವ ಅಕ್ಷದ ಸುತ್ತ ಬಾಗಿವೆ ಅಂತ ಅಳೆಯಬೇಕು. ಅದಕ್ಕೆ ಉತ್ತರದಿಂದ ಶುರುಮಾಡಿ 30 ಡಿಗ್ರಿಗೊಂದು ದಿಕ್ಕಿನಂತೆ 6 ಲಂಬ ಥಿನ್ ಸೆಕ್ಷನ್ (ಸೂಕ್ಷ್ಮದರ್ಶಕದಲ್ಲಿ ನೋಡಲು ಕಲ್ಲಿನ ತೆಳು ಸ್ಲೈಡ್) ಮಾಡಿಸಿದೆ. 30ರಲ್ಲಿ ಗೆರೆ ‘ಎಸ್’ ಆಕಾರ, 60ರಲ್ಲಿ ‘ಝಡ್’. ಕುಯ್ದ ದಿಕ್ಕು ಅಕ್ಷವನ್ನು ದಾಟಿದಾಗ ಆಕಾರ ತಿರುಗುತ್ತದೆ; ಸರಿ, ಅಕ್ಷ ಇವೆರಡರ ನಡುವೆ ಇದೆ ಅಂತ 40, 50ಕ್ಕೂ ಕುಯ್ಯಿಸಿದೆ. ಖರ್ಚು ಮಾತ್ರ ಕೇಳಬೇಡಿ!

50ರಲ್ಲಿ ಎಲ್ಲವೂ ಝಡ್. ತಲೆನೋವು 40ರದ್ದು. ಅದರಲ್ಲಿ 11 ಗಾರ್ನೆಟ್ ಇವೆ, 6 ಎಸ್, 5 ಝಡ್. ಸ್ಲೈಡ್ ಮಗುಚಿ ಇಟ್ಟಿದ್ದೇನೋ ಅಂತ ಬಾಣ ಎರಡು ಸಲ ನೋಡಿದೆ. ಹಾಗಾಗಿದ್ದರೆ ಎಲ್ಲವೂ ತಿರುಗಬೇಕಿತ್ತು ಅಲ್ವಾ? ಜೊತೆಗೆ 3 ಗಾರ್ನೆಟ್‌ಗಳಲ್ಲಿ ನಡುಭಾಗದ ಗೆರೆಗೂ ಅಂಚಿನ ಗೆರೆಗೂ ಹೊಂದಿಕೆಯೇ ಇಲ್ಲ, ಮಧ್ಯೆ ಕಡಿದ ಹಾಗಿದೆ, ಎರಡು ಹಂತದಲ್ಲಿ ಬೆಳೆದವೇನೋ.

ಈ ಕೆಲಸ ಮಾಡಿದವರು ಹೇಳಿ: ಅಕ್ಷ 40 ಡಿಗ್ರಿಯ ಹತ್ತಿರವೇ ಇದೆ ಅಂತ ಬರೆಯಲಾ, ಇಲ್ಲ ನಡುಭಾಗ, ಅಂಚು ಬೇರೆ ಬೇರೆ ಎಣಿಸಿ ಎರಡು ಅಕ್ಷ ತೋರಿಸಬೇಕಾ?